ಕೊನೆಯ ಸಾಲಿಗೂ ಕಾಣುವ ಸ್ಲೈಡ್: ಮಾನ್ವಿಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಮಾನ್ವಿ ತಾಲ್ಲೂಕಿನ ನೀರು ಬಳಕೆದಾರರ ಸಹಕಾರ ಸಂಘವೊಂದರ ಕಾರ್ಯದರ್ಶಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗಕ್ಕೆ ತಲುಪದಿರುವ ಬಗ್ಗೆ ರಾಯಚೂರಿನ ಸಭೆಯಲ್ಲಿ ಹದಿನೈದು ನಿಮಿಷ ಮಾತನಾಡಬೇಕಿದೆ. ಎಂಜಿನಿಯರುಗಳೂ ಇರುತ್ತಾರೆ, ರೈತರೂ ಇರುತ್ತಾರೆ. ಸಿದ್ಧಪಡಿಸಿದ 34 ಸ್ಲೈಡ್‌ಗಳನ್ನು ಇಲ್ಲಿ ಹಾಕಿದ್ದೇನೆ. ಯಾವುದನ್ನೂ ಬಿಡಲು ಮನಸ್ಸಾಗುತ್ತಿಲ್ಲ.

ಉತ್ತರ: ಎಲ್ಲವನ್ನೂ ನೋಡಿದೆ. ನಿಮ್ಮ ಬೇಡಿಕೆ, ಅಂದರೆ ಕಾಲುವೆಯ 104ನೇ ಮೈಲಿನಲ್ಲಿ (ಮೈಲ್ 104) ಗೇಜ್, ಎಂದರೆ ಅಳತೆಪಟ್ಟಿ ತೋರಿಸುವ ನೀರಿನ ಮಟ್ಟ, ಕಾಯ್ದುಕೊಳ್ಳಬೇಕೆಂಬ ಮಾತು, 31ನೇ ಸ್ಲೈಡಿನಲ್ಲಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ನಿಮ್ಮ ಸಮಯ ಮುಗಿದಿರುತ್ತದೆ. ನಿಮ್ಮ ಕಾಲುವೆಯ ಕಥೆಯೇ ನಿಮ್ಮ ಭಾಷಣಕ್ಕೂ ಆಗುತ್ತದೆ. ಬೇಡಿಕೆಯನ್ನು ಎರಡನೆಯ ಸ್ಲೈಡಿಗೆ ತನ್ನಿ.

ಆರನೆಯ ಸ್ಲೈಡಿನಲ್ಲಿ ಜಲಾಶಯದ ಹೂಳಿನ ಸಮೀಕ್ಷೆಗಳ ಹನ್ನೆರಡು ಕಾಲಂಗಳ ಕೋಷ್ಟಕವಿದೆ. ಹೇಳಬೇಕಾದದ್ದು ಇಷ್ಟೇ: ಆರಂಭದಲ್ಲಿ 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಇದಕ್ಕೆ ಎರಡು ಕಂಬಗಳ ಚಿತ್ರ ಸಾಕು. ತಲೆಬರಹಕ್ಕೆ 'ಜಲಾಶಯದ ಸಾಮರ್ಥ್ಯ' ಎಂದು ಬರೆಯುವ ಬದಲು 'ಹೂಳು ಸುಮಾರು 28 ಟಿಎಂಸಿ ಜಾಗ ನುಂಗಿದೆ' ಎಂದು ಪೂರ್ಣ ವಾಕ್ಯವನ್ನೇ ಬರೆಯಿರಿ. ಕೋಷ್ಟಕ ಎಂಜಿನಿಯರುಗಳಿಗೆ ಬೇಕೇ ಬೇಕು, ಆದರೆ ಅದನ್ನು ಮುದ್ರಿಸಿ ಅವರ ಕೈಗೆ ಕೊಡಿ.

ನಿಷ್ಠುರವೆನಿಸಿದರೂ ಒಂದು ಮಾತು ಹೇಳುತ್ತೇನೆ: ಹೂಳು ನಿಮ್ಮ ಮುಖ್ಯ ವಾದವಲ್ಲ. ಹೂಳಿನಿಂದಾದ ಕೊರತೆ ಇಡೀ ಕಾಲುವೆಗೆ ಬಂದಿರುವಾಗ ಕೊನೆಭಾಗ ಮಾತ್ರ ಏಕೆ ಒಣಗುತ್ತದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೇಲ್ಭಾಗದಲ್ಲಿ ಗಂಗಾವತಿ, ಸಿಂಧನೂರು ಕಡೆ ಹೆಚ್ಚು ನೀರು ಬೇಡುವ ಭತ್ತ ಹೆಚ್ಚಿರುವ ಸಂಗತಿ ಸಭೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟರೆ ನೀವು ಮರೆಮಾಚಿದಂತೆ ಕಾಣುತ್ತದೆ. ಆದ್ದರಿಂದ ಮೈಲ್ 69 ಮತ್ತು ಮೈಲ್ 104ರ ದಿನವಾರು ಗೇಜ್ ಮಟ್ಟವನ್ನು ಒಂದೇ ಚಿತ್ರದಲ್ಲಿ ಎರಡು ಗೆರೆಗಳಾಗಿ ತೋರಿಸಿ. ಮೈಲ್ 69ರ ಗೆರೆ ನಿಂತಲ್ಲೇ ನಿಂತು ಮೈಲ್ 104ರದು ಕುಸಿದ ದಿನಗಳಿದ್ದರೆ, ಅವೇ ನಿಮ್ಮ ಪರವಾಗಿ ಮಾತನಾಡುತ್ತವೆ. ಗೆರೆಗಳಿಗೆ ಕೆಂಪು, ಹಸಿರು ಬೇಡ. ಆ ಎರಡು ಬಣ್ಣಗಳ ವ್ಯತ್ಯಾಸ ತಿಳಿಯದವರು ಸಭೆಯಲ್ಲಿ ಇರಬಹುದು. ಗೆರೆಯ ತುದಿಯಲ್ಲೇ ಹೆಸರು ಬರೆಯಿರಿ.

ಚಿತ್ರ ತೋರಿಸಿದ ಮೇಲೆ ಕೀಲಿಮಣೆಯ 'ಬಿ' ಒತ್ತಿದರೆ ಪರದೆ ಕಪ್ಪಾಗುತ್ತದೆ, ಜನ ನಿಮ್ಮ ಮುಖ ನೋಡುತ್ತಾರೆ. ಓದುವುದು ಮತ್ತು ಕೇಳುವುದು ಎರಡನ್ನೂ ಒಟ್ಟಿಗೆ ಮಾಡಲು ಯಾರಿಗೂ ಆಗುವುದಿಲ್ಲ.

ಪ್ರಶ್ನೆ: ಕಳೆದ ಬಾರಿ ಬೇರೆಯವರ ಲ್ಯಾಪ್‌ಟಾಪಿನಲ್ಲಿ ನನ್ನ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡು ನಗೆಪಾಟಲಾಯಿತು.

ಉತ್ತರ: ನೀವು ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ (ಎಲ್ಲ ಯಂತ್ರಗಳಿಗೂ ತಿಳಿಯುವ ಅಕ್ಷರ ಸಂಕೇತ) ಅಲ್ಲದ ರೀತಿಯಲ್ಲಿ ಟೈಪ್ ಮಾಡಿರಬೇಕು. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ನುಡಿ ತಂತ್ರಾಂಶದ ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಲ್ಲವಾದರೆ 'ಕ್ಷೇತ್ರ'ದ ಬಾಲ ಕೆಳಗಿನ ಸಾಲಿನ 'ನೀರು' ತಲೆಗೆ ಬಡಿಯುತ್ತದೆ. ಅಕ್ಷರದ ಗಾತ್ರ 28ಕ್ಕಿಂತ ಇಳಿಯದಿರಲಿ. ರಾಯಚೂರಿನ ಬಿಸಿಲಿಗೆ ಕಿಟಕಿ ಮುಚ್ಚಿದರೂ ಬೆಳಕು ನುಗ್ಗುತ್ತದೆ, ಹಾಗಾಗಿ ಕಪ್ಪು ಹಿನ್ನೆಲೆಗಿಂತ ಬಿಳಿ ಹಿನ್ನೆಲೆಯ ಮೇಲೆ ಕಪ್ಪಕ್ಷರವೇ ಮೇಲು.

ಪ್ರಶ್ನೆ: ಕರೆಂಟ್ ಹೋದರೆ?

ಉತ್ತರ: ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ನಮ್ಮಲ್ಲಿ ಈ ಪ್ರಶ್ನೆ ಸಹಜವೇ. ಮುದ್ರಿಸಿದ ಕೋಷ್ಟಕ ಎಂಜಿನಿಯರುಗಳ ಕೈಯಲ್ಲಿರುತ್ತದೆ. ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದು ಉದ್ದ ಗೆರೆ ಎಳೆದು, 69 ಮತ್ತು 104 ಎಂದು ಗುರುತು ಹಾಕಿ, ಮಾತು ಮುಂದುವರಿಸಿ.