ಕುಡಿತ ಬಿಟ್ಟ ಯಜಮಾನರಿಗೆ ಯಾವ ಪುಸ್ತಕ ಕೊಡಲಿ?

ಠಾಣೆಯಿಂದ, ಕೇಳಿದವರು

ನಮಸ್ಕಾರ, ಮುಂಬೈ ಪಕ್ಕದ ಠಾಣೆಯಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ 52 ವರ್ಷ. ಕುಡಿಯುವುದು ಬಿಟ್ಟು ಐದು ತಿಂಗಳಾಯಿತು. ಒಂದು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಬಂದರು. ಹಗಲು ಹೇಗೋ ಕಳೆಯುತ್ತದೆ, ಆಫೀಸಿದೆ. ಕಷ್ಟ ಇರುವುದು ಸಂಜೆ ಏಳರಿಂದ ಹತ್ತರವರೆಗೆ. ಮೊದಲೆಲ್ಲ ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲೇ ಆ ಹೊತ್ತು ಮುಗಿದುಹೋಗುತ್ತಿತ್ತು. ಈಗ ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ. ಟೀವಿ ಹಾಕಿದರೆ ಹತ್ತು ನಿಮಿಷಕ್ಕೆ ಆರಿಸುತ್ತಾರೆ.

ಕಾಲೇಜಿನಲ್ಲಿದ್ದಾಗ ಯುದ್ಧದ ಕಥೆ ಅಂದರೆ ಊಟ ಬಿಟ್ಟು ಓದುತ್ತಿದ್ದರಂತೆ. ಅತ್ತೆ ಊರಿಂದ ಗೀತೆಯ ದಪ್ಪ ಪುಸ್ತಕ ಕಳಿಸಿದ್ದಾರೆ. ಅದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. "ಬುದ್ಧಿ ಹೇಳುವ ಪುಸ್ತಕ ಮಾತ್ರ ತರಬೇಡ" ಅಂದಿದ್ದಾರೆ. ಕನ್ನಡ ಚೆನ್ನಾಗಿ ಓದುತ್ತಾರೆ, ಮರಾಠಿ ಬರುತ್ತದೆ, ಇಂಗ್ಲಿಷ್ ನಿಧಾನ. ದೇವರ ಮೇಲಿನ ನಂಬಿಕೆ, ಚೇತರಿಕೆ, ಯುದ್ಧಕಾಲ, ಈ ಮೂರರಲ್ಲಿ ನೀವೇ ಓದಿ ಉಪಯೋಗ ಆದದ್ದು ಇದ್ದರೆ ಹೇಳಿ. ಅಂಗಡಿಯವರು ಕೊಡುವ ಪಟ್ಟಿ ನನ್ನ ಹತ್ತಿರವೂ ಇದೆ.

ಮಾಟುಂಗಾ, ನಿವೃತ್ತ

ತಂಗಿ, ಯುದ್ಧದ ಕಥೆ ಇಷ್ಟ ಅಂದ ಮೇಲೆ ಅಲ್ಲಿಂದಲೇ ಶುರುಮಾಡಿ. ಪೂರ್ಣಚಂದ್ರ ತೇಜಸ್ವಿಯವರ ಮಿಲೆನಿಯಮ್ ಸರಣಿಯಲ್ಲಿ 'ಮಹಾಯುದ್ಧ' ಅಂತ ಮೂರು ಭಾಗ ಇವೆ. ಚಿಕ್ಕ ಪುಸ್ತಕಗಳು. ಎದೆಯ ಆಪರೇಷನ್ ಆಗಿ ನಾನು ಎರಡು ತಿಂಗಳು ಮನೆಯಲ್ಲಿ ಬಿದ್ದಿದ್ದೆ. ದಪ್ಪ ಪುಸ್ತಕ ಎತ್ತಿ ಹಿಡಿಯುವ ಶಕ್ತಿ ಇರಲಿಲ್ಲ, ಎದೆಯ ಮೇಲೆ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ! ಒಂದೇ ಕೈಯಲ್ಲಿ ಹಿಡಿದು ಓದಿದ್ದು ಇವನ್ನೇ.

ಅದೇ ಸರಣಿಯ 'ಮಹಾಪಲಾಯನ' ಬಿಡಲೇಬೇಡಿ. ಸೈಬೀರಿಯಾದ ಸೆರೆಯಿಂದ 1941ರಲ್ಲಿ ಏಳು ಜನ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಟಿಬೆಟ್ಟು, ಹಿಮಾಲಯ ಎಲ್ಲ ನಡೆದೇ ದಾಟಿ ಇಂಡಿಯಾಕ್ಕೆ ಬರುವ ಕಥೆ. ಮರುಭೂಮಿಯ ಭಾಗ ಓದುವಾಗ ನಾನು ಎದ್ದು ಎರಡು ಸಲ ನೀರು ಕುಡಿದಿದ್ದೇನೆ. ಇಲ್ಲಿ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಕನ್ನಡದ್ದು ಹುಡುಕಿ ಸುಸ್ತಾಗಬೇಡಿ. ಬೆಂಗಳೂರಿಗೆ ಹೋಗುವವರಿಗೆ ಹೇಳಿ ತರಿಸಿಕೊಳ್ಳಿ.

ಪುಣೆ, ಇತಿಹಾಸದ ಟೀಚರ್

ಸರ್, 'ಮಹಾಪಲಾಯನ' ನನಗೂ ಇಷ್ಟ. ಆದರೆ ಇತಿಹಾಸ ಅಂತ ಕೇಳಿದವರಿಗೆ ಒಂದು ಮಾತು ಹೇಳಿಯೇ ಕೊಡಬೇಕು. ಮೂಲ ಪುಸ್ತಕ 'ದಿ ಲಾಂಗ್ ವಾಕ್' ಬಂದದ್ದು 1956ರಲ್ಲಿ. ಹೇಳಿದವರು ಸ್ಲಾವೊಮಿರ್ ರಾವಿಚ್ ಅನ್ನುವ ಪೋಲೆಂಡಿನ ಸೈನಿಕ. 2006ರಲ್ಲಿ ಬಿಬಿಸಿಯವರು ಹಳೆಯ ದಾಖಲೆ ಹುಡುಕಿ ತೆಗೆದರು. ಕೆಲವು ರಾವಿಚ್ ಅವರ ಕೈಬರಹದಲ್ಲೇ ಇದ್ದವು. ಅದರ ಪ್ರಕಾರ ಅವರು ತಪ್ಪಿಸಿಕೊಂಡೇ ಇಲ್ಲ. 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋದವರು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಒಬ್ಬ ಹುಡುಗ ಒಂದು ವಾರ ನನ್ನ ಜೊತೆ ಮಾತೇ ಬಿಟ್ಟಿದ್ದ!

ಇದರ ಮುಂದಿನ ಕಥೆ ನಮ್ಮ ದಾರಿಯಲ್ಲೇ ಇದೆ. ರಷ್ಯಾದಿಂದ ಹಾಗೆ ಬಿಡುಗಡೆಯಾಗಿ ಇರಾನಿನ ಮೂಲಕ ಹೊರಬಿದ್ದ ಪೋಲೆಂಡಿನ ಜನರಲ್ಲಿ ಸುಮಾರು 5000 ಮಂದಿ ಬಂದು ನೆಲೆ ನಿಂತದ್ದು ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ. 1943ರಿಂದ 1948ರವರೆಗೆ ಅಲ್ಲಿ ಅವರ ಶಿಬಿರ ಇತ್ತು. ಜಾಸ್ತಿ ಇದ್ದದ್ದು ಹೆಂಗಸರು, ಮಕ್ಕಳು. ಶಾಲೆ, ಚರ್ಚು ಎಲ್ಲ ಕಟ್ಟಿಕೊಂಡಿದ್ದರು. ನಾವು ಬೆಳಗಾವಿಗೆ ಹೋಗುವಾಗ ಕೊಲ್ಹಾಪುರದ ಹತ್ತಿರ ಚಹಾಕ್ಕೆ ನಿಲ್ಲಿಸುತ್ತೇವಲ್ಲ, ಅಲ್ಲಿಂದ ದೂರವೇನಿಲ್ಲ. ಅನುರಾಧಾ ಭಟ್ಟಾಚಾರ್ಜಿ ಅವರ 'ದಿ ಸೆಕೆಂಡ್ ಹೋಮ್‌ಲ್ಯಾಂಡ್' ಇದರ ಮೇಲೇ ಇದೆ. ಇಂಗ್ಲಿಷು, ಸ್ವಲ್ಪ ಪಾಠದ ಧಾಟಿ. ಆದರೆ ಕಾದಂಬರಿ ಓದಿ ಇದನ್ನು ಓದಿದರೆ ರುಚಿಯೇ ಬೇರೆ. ಮೊದಲು ಕಥೆ ಓದಲಿ, ಆಮೇಲೆ ಸತ್ಯ ಹೇಳಿ. ಹಿಂದುಮುಂದು ಮಾಡಬೇಡಿ.

ಡೊಂಬಿವಲಿ

ನಾನು ಕುಡಿತ ಬಿಟ್ಟು ಒಂಬತ್ತು ವರ್ಷ ದಾಟಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕ, ಮೊದಲ ತಿಂಗಳುಗಳಲ್ಲಿ ಅವರು ಓದದೇ ಇದ್ದರೆ ಗಾಬರಿಯಾಗಬೇಡಿ. ನಾನು ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ, ತಲೆಗೆ ಹೋಗುತ್ತಿರಲಿಲ್ಲ. ನಾನಿದ್ದ ಕೇಂದ್ರದಲ್ಲಿ ದಿನಾ ಬೆಳಿಗ್ಗೆ ಒಬ್ಬರು ಬಂದು ಒಂದು ಗಂಟೆ ಪಾಪ, ಪುಣ್ಯ, ಹೆಂಡತಿಯ ಕಣ್ಣೀರು ಅಂತ ಹೇಳುತ್ತಿದ್ದರು. ನಾವು ಹಿಂದಿನ ಸಾಲಿನಲ್ಲಿ ಕೂತು, ಫ್ಯಾನು ಎಷ್ಟು ಸುತ್ತಿಗೊಮ್ಮೆ ಕಿರ್ ಅನ್ನುತ್ತದೆ ಅಂತ ಎಣಿಸುತ್ತಿದ್ದೆವು. ಬುದ್ಧಿ ಹೇಳುವ ಪುಸ್ತಕ ಬೇಡ ಅಂತ ನಿಮ್ಮವರು ಯಾಕೆ ಹೇಳುತ್ತಾರೆ ಅನ್ನುವುದು ನನಗೆ ಗೊತ್ತು.

ನನ್ನನ್ನು ಹಿಡಿದು ಕೂರಿಸಿದ್ದು ವಿಕ್ಟರ್ ಫ್ರಾಂಕಲ್ ಬರೆದ 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್'. ವಿಯೆನ್ನಾದ ಮನೋವೈದ್ಯರು. ಆಶ್ವಿಟ್ಜ್ ಸೇರಿ ನಾಜಿಗಳ ನಾಲ್ಕು ಶಿಬಿರಗಳಲ್ಲಿ ಇದ್ದು ಬದುಕಿ ಬಂದವರು. ಜರ್ಮನ್ ಭಾಷೆಯಲ್ಲಿ 1946ರಲ್ಲಿ ಪ್ರಕಟವಾಯಿತು. ಕೋಟಿನೊಳಗೆ ಬಚ್ಚಿಟ್ಟಿದ್ದ ಅವರ ಪುಸ್ತಕದ ಹಸ್ತಪ್ರತಿ ಆಶ್ವಿಟ್ಜಿನಲ್ಲಿ ಕೋಟಿನ ಜೊತೆಗೇ ಹೋಗುತ್ತದೆ. ಬದಲಿಗೆ ಸತ್ತವರೊಬ್ಬರ ಹರಕು ಕೋಟು ಸಿಗುತ್ತದೆ. ಅದರ ಜೇಬಿನಲ್ಲಿ ಹೀಬ್ರೂ ಪ್ರಾರ್ಥನೆಯ ಒಂದು ಹಾಳೆ. ನಂಬಿಕೆಯ ಬಗ್ಗೆ ಅವರು ಹೆಚ್ಚೇನೂ ಹೇಳುವುದಿಲ್ಲ. ಆ ಹಾಳೆ ಸಿಕ್ಕಿತು ಅಂತ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅಷ್ಟು ಸಾಕಾಯಿತು.

ಇನ್ನೊಂದು ಜಾಗ ಇದೆ. 1944ರ ಕ್ರಿಸ್ಮಸ್ಸಿಂದ ಹೊಸ ವರ್ಷದೊಳಗಿನ ಒಂದು ವಾರದಲ್ಲಿ ಶಿಬಿರದಲ್ಲಿ ಸಾವು ಇದ್ದಕ್ಕಿದ್ದಂತೆ ಜಾಸ್ತಿಯಾಯಿತಂತೆ. ಊಟ ಕಡಿಮೆಯಾಗಿರಲಿಲ್ಲ, ಹೊಸ ರೋಗವೂ ಬಂದಿರಲಿಲ್ಲ. ಕ್ರಿಸ್ಮಸ್ ಹೊತ್ತಿಗೆ ಮನೆ ಸೇರುತ್ತೇವೆ ಅಂತ ಜನ ನಂಬಿ ಕೂತಿದ್ದರು. ಆ ದಿನ ಬಂತು, ಹೋಯಿತು. ಇದನ್ನು ನಾನು ಓದಿದ್ದು ಎರಡನೇ ಸಲ ಬಿಟ್ಟಾಗ. ಮೊದಲ ಸಲ ಬಿಟ್ಟಾಗ ನಾನೂ ತಾರೀಖು ಹಾಕಿಕೊಂಡಿದ್ದೆ. ಗಣಪತಿ ಹಬ್ಬದೊಳಗೆ ನಿದ್ದೆ ಬರಬೇಕು, ಮಗಳು ಮಾತಾಡಬೇಕು, ಎಲ್ಲ ಸರಿಹೋಗಬೇಕು ಅಂತ. ಗಣಪತಿ ಬಂದ. ನಿದ್ದೆ ಬರಲಿಲ್ಲ. ವಿಸರ್ಜನೆಯ ರಾತ್ರಿ ಡೋಲು ತಾಶೆಯ ಸದ್ದಿನಲ್ಲಿ ಮತ್ತೆ ಕುಡಿದೆ. ಆ ಪುಟ ಓದಿ ಪುಸ್ತಕ ಮಡಿಚಿಟ್ಟು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಪುಸ್ತಕದ ಎರಡನೇ ಭಾಗ ಅವರ ಚಿಕಿತ್ಸಾ ಪದ್ಧತಿಯ ವಿವರಣೆ. ಒಣ. ಬಿಟ್ಟರೂ ನಡೆಯುತ್ತದೆ.

ಮರಾಠಿ ಬರುತ್ತದೆ ಅಂದಿರಲ್ಲ. ಅನಿಲ್ ಅವಚಟ್ ಅವರ 'ಗರ್ದ್' ಹುಡುಕಿ. ಬ್ರೌನ್ ಶುಗರ್ ಅನ್ನುವ ಮಾದಕವಸ್ತುವಿನ ಚಟಕ್ಕೆ ಬಿದ್ದ ಹುಡುಗರ ಬಗ್ಗೆ ಬರೆದದ್ದು. ಅವರು ಮತ್ತು ಅವರ ಹೆಂಡತಿ ಡಾಕ್ಟರ್ ಅನಿತಾ ಸೇರಿ 1986ರಲ್ಲಿ ಪುಣೆಯಲ್ಲಿ ಮುಕ್ತಾಂಗಣ ಅನ್ನುವ ವ್ಯಸನಮುಕ್ತಿ ಕೇಂದ್ರ ಶುರುಮಾಡಿದರು. ಮರಾಠಿಯ ಹಾಸ್ಯಲೇಖಕ ಪು. ಲ. ದೇಶಪಾಂಡೆ ನೆರವು ಕೊಟ್ಟರು. ನಗಿಸುವ ಪು. ಲ. ಗೊತ್ತು, ಇದು ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಅವಚಟ್ ಬೈಯುವುದಿಲ್ಲ, ಅಯ್ಯೋ ಪಾಪ ಅನ್ನುವುದೂ ಇಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ.

ಎಎ, ಅಂದರೆ ಕುಡಿತ ಬಿಟ್ಟವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅದರ ಸಭೆಗೆ ಹೋಗುತ್ತಿದ್ದರೆ ಅವರ 1939ರ ದೊಡ್ಡ ಪುಸ್ತಕ ಅಲ್ಲೇ ಸಿಗುತ್ತದೆ. ದೇವರ ಮಾತು ಬರುತ್ತದೆ, ಆದರೆ ಅವರವರಿಗೆ ತಿಳಿದಂಥ ದೇವರು ಅಂತ ಬಾಗಿಲು ತೆರೆದಿಟ್ಟಿದ್ದಾರೆ. ಹಿಂದಿನ ಅರ್ಧದಲ್ಲಿ ಕುಡಿತ ಬಿಟ್ಟವರು ತಾವೇ ಹೇಳಿಕೊಂಡ ಕಥೆಗಳಿವೆ. ಅದನ್ನೇ ಮೊದಲು ಓದಲಿ.

ಕೊನೆಗೆ ಒಂದು ಮನೆಯ ಮಾತು. ನನ್ನ ಹೆಂಡತಿ ಪುಸ್ತಕವನ್ನು ನನ್ನ ದಿಂಬಿನ ಮೇಲೆ ಇಡುತ್ತಿದ್ದಳು. ಕೋರ್ಟಿನ ಸಮನ್ಸು ಬಂದ ಹಾಗೆ ಅನಿಸುತ್ತಿತ್ತು. ನೀವು ಹಾಗೆ ಮಾಡಬೇಡಿ. ನೀವೇ ಓದಿ, ಅರ್ಧಕ್ಕೆ ಮಗುಚಿ ಊಟದ ಮೇಜಿನ ಮೇಲೆ ಬಿಟ್ಟುಬಿಡಿ. ಮನೆಯವರಿಗಾಗಿಯೇ ಅಲ್-ಅನಾನ್ ಸಭೆಗಳೂ ಇವೆ. ಅವು ನಿಮಗೆ.

ವಾಸ್ಕೊ, ಗೋವಾ

ನಾನು ಬಂದರಿನಲ್ಲಿ ಕೆಲಸ ಮಾಡುವವನು, ನಮ್ಮೂರಿನ ಯುದ್ಧದ ಕಥೆ ಹೇಳದೇ ಇರುವುದು ಹೇಗೆ? 1943ರ ಮಾರ್ಚ್ 9ರ ರಾತ್ರಿ, ಇದೇ ಮುರಗಾಂವ್ ಬಂದರು. ಗೋವಾ ಆಗ ಪೋರ್ಚುಗಲ್ ಕೈಯಲ್ಲಿ, ಅಂದರೆ ಯಾವ ಪಕ್ಷವೂ ಅಲ್ಲ. ಇಲ್ಲಿ ಲಂಗರು ಹಾಕಿದ್ದ 'ಎರೆನ್‌ಫೆಲ್ಸ್' ಅನ್ನುವ ಜರ್ಮನ್ ಹಡಗಿನಿಂದ ಗುಟ್ಟಾಗಿ ರೇಡಿಯೊ ಸುದ್ದಿ ಹೋಗುತ್ತಿದೆ ಅಂತ ಬ್ರಿಟಿಷರಿಗೆ ಅನುಮಾನ. ಸೈನ್ಯ ಕಳಿಸುವ ಹಾಗಿಲ್ಲ. ಕಲ್ಕತ್ತಾದ ಒಂದು ಸ್ವಯಂಸೇವಕ ದಳದ ನಡುವಯಸ್ಸಿನ ವ್ಯಾಪಾರಸ್ಥರು, ಲೆಕ್ಕಪತ್ರದವರು ಸೇರಿಕೊಂಡು, ಹೂಳು ಸಾಗಿಸುವ ಹಳೇ ದೋಣಿಯಲ್ಲಿ ಬಂದು ಹಡಗು ಹತ್ತಿದರು! ಜರ್ಮನ್ನರೇ ಹಡಗು ಮುಳುಗಿಸಿಕೊಂಡರು. ಜೇಮ್ಸ್ ಲೀಸರ್ ಅವರ 'ಬೋರ್ಡಿಂಗ್ ಪಾರ್ಟಿ' ಇದೇ ಕಥೆ. ಸರಾಗ ಇಂಗ್ಲಿಷು.

ಆದರೆ ಅಕ್ಕ, ಒಂದು ಎಚ್ಚರಿಕೆ. ಆ ದಳ ಸೈನ್ಯಕ್ಕಿಂತ ಕ್ಲಬ್ಬು ಅನ್ನುವಷ್ಟರ ಮಟ್ಟಿಗೆ ಇತ್ತು. ಬಾರು, ಗ್ಲಾಸು ಪುಟಪುಟಕ್ಕೂ ಅಡ್ಡ ಬರುತ್ತವೆ. ಒಂದು ವರ್ಷ ಕಳೆಯಲಿ, ಆಮೇಲೆ ಕೊಡಿ.

ಡೊಂಬಿವಲಿ

ಇದು ನನಗೆ ಹೊಳೆದೇ ಇರಲಿಲ್ಲ. ನೂರಕ್ಕೆ ನೂರು ನಿಜ.

ವಸಯಿ

ನಾನು ಮಂಗಳೂರಿನ ಕೆಥೊಲಿಕ್. ನಂಬಿಕೆಗೂ ಯುದ್ಧಕ್ಕೂ ಸೇರಿಸಿ ಒಂದೇ ಪುಸ್ತಕ ಅಂದರೆ ನಾನು ಕೊರಿ ಟೆನ್ ಬೂಮ್ ಅವರ 'ದಿ ಹೈಡಿಂಗ್ ಪ್ಲೇಸ್' ಹೇಳುತ್ತೇನೆ. ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಕುಟುಂಬ. ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟರು ಅಂತ 1944ರಲ್ಲಿ ಹಿಡಿದುಕೊಂಡು ಹೋದರು. ಅಕ್ಕತಂಗಿ ಇಬ್ಬರು ರಾವೆನ್ಸ್‌ಬ್ರೂಕ್ ಶಿಬಿರ ಸೇರುತ್ತಾರೆ. ಮಲಗುವ ಜಾಗದ ತುಂಬ ಚಿಗಟ. ಅಕ್ಕ ಬೆಟ್ಸಿ ಚಿಗಟಕ್ಕೂ ದೇವರಿಗೆ ಥ್ಯಾಂಕ್ಸ್ ಹೇಳೋಣ ಅಂತಾಳೆ. ತಂಗಿಗೆ ಮೈಯೆಲ್ಲ ಉರಿ. ಆಮೇಲೆ ಗೊತ್ತಾಗುತ್ತದೆ, ಆ ಚಿಗಟದ ಭಯಕ್ಕೇ ಕಾವಲಿನವರು ಒಳಗೆ ಬರುತ್ತಿರಲಿಲ್ಲ, ಅದರಿಂದಲೇ ಇವರಿಗೆ ಬೈಬಲ್ ಓದಲಿಕ್ಕೆ ಆಗುತ್ತಿತ್ತು. ಬೆಟ್ಸಿ ಅಲ್ಲೇ ತೀರಿಕೊಂಡಳು. ನನ್ನ ಗಂಡ ತೀರಿಕೊಂಡ ವರ್ಷ ನಾನು ಇದನ್ನು ಓದಿದೆ. ಚಿಗಟಕ್ಕೆ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬೆಟ್ಸಿಗಿಂತ ಕೊರಿಯ ಸಿಟ್ಟೇ ನನಗೆ ಹತ್ತಿರವಾಯಿತು.

ಎಲೀ ವೀಸೆಲ್ ಅವರ 'ನೈಟ್' ಇದಕ್ಕೆ ಸರಿಯಾಗಿ ಎದುರು. 15ರ ಹುಡುಗ, ದೇವರ ಮೇಲೆ ಪ್ರಾಣವನ್ನೇ ಇಟ್ಟಿದ್ದವನು, ಆಶ್ವಿಟ್ಜಿನಲ್ಲಿ ಆ ನಂಬಿಕೆ ಕಳೆದುಕೊಳ್ಳುತ್ತಾನೆ. ತೆಳು ಪುಸ್ತಕ. ರಾತ್ರಿ ಹೊತ್ತು, ಒಬ್ಬರೇ ಇರುವಾಗ ಬೇಡ.

ಠಾಣೆಯಿಂದ, ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಓದುತ್ತ ಓದುತ್ತ ಕಣ್ಣು ತುಂಬಿತು. ಅತ್ತೆ ಕಳಿಸಿದ ಗೀತೆ ಏನು ಮಾಡಲಿ? ಫೋನ್ ಮಾಡಿದಾಗಲೆಲ್ಲ ಎಷ್ಟನೇ ಅಧ್ಯಾಯ ಅಂತ ಕೇಳುತ್ತಾರೆ.

ಮಾಟುಂಗಾ, ನಿವೃತ್ತ

ಅದು ಶೆಲ್ಫಿನಲ್ಲೇ ಇರಲಿ. ಗೀತೆಯೇ ಬೇಕು ಅಂತ ಅವರಿಗೇ ಅನಿಸಿದ ದಿನ ವಿನೋಬಾರ 'ಗೀತಾ ಪ್ರವಚನ' ಕೊಡಿ. 1932ರಲ್ಲಿ ಧುಳೆ ಜೈಲಿನಲ್ಲಿ ಭಾನುವಾರಕ್ಕೊಂದು ಅಧ್ಯಾಯದಂತೆ ಮರಾಠಿಯಲ್ಲಿ ಮಾತಾಡಿದ್ದು. ಬರೆದುಕೊಂಡವರು ಸಾನೆ ಗುರೂಜಿ. ಕೇಳುತ್ತಿದ್ದವರು ಕೈದಿಗಳು. ಹೇಳುವವನೂ ಅದೇ ಗೋಡೆಯ ಒಳಗೆ. ಹಾಗಾಗಿ ಮೇಲೆ ನಿಂತು ಉಪದೇಶ ಮಾಡುವ ದನಿ ಅದರಲ್ಲಿಲ್ಲ. ಕನ್ನಡದಲ್ಲೂ ಇದೆ. ಆದರೆ ಮರಾಠಿ ಬರುವವರು ಮರಾಠಿಯಲ್ಲೇ ಓದಬೇಕು. ಪುಣೆಗೆ ಹೋದಾಗ ಅಪ್ಪಾ ಬಳವಂತ ಚೌಕದಲ್ಲಿ ಕೇಳಿ.

ಡಿವಿಜಿಯವರ 'ಕಗ್ಗ'ವನ್ನೂ ಒಂದು ಮೂಲೆಯಲ್ಲಿ ಇಟ್ಟಿರಿ. 1943ರ ಪುಸ್ತಕ, ಅದೂ ಯುದ್ಧಕಾಲದ್ದೇ! 945 ಪದ್ಯ. ದಿನಕ್ಕೊಂದು ಸಾಕು. ಅದಕ್ಕಿಂತ ಜಾಸ್ತಿ ಓದಿದರೆ ನನಗೂ ಅದು ಬುದ್ಧಿವಾದದ ಹಾಗೆ ಕೇಳುತ್ತದೆ.

ಮಸ್ಜಿದ್ ಬಂದರ್

ಪುಸ್ತಕ ಅಲ್ಲ, ಒಂದು ಸಲಹೆ. ಭಾನುವಾರ ಅವರನ್ನು ಹೊರಗೆ ಕರೆದುಕೊಂಡು ಬನ್ನಿ. 1944ರ ಏಪ್ರಿಲ್ 14ರಂದು ಇಲ್ಲೇ ಮುಂಬೈ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟೈಕಿನ್' ಹಡಗು ಸಿಡಿಯಿತು. ಒಂದೇ ಹಡಗಿನಲ್ಲಿ ಹತ್ತಿ ಬೇಲು, ಮದ್ದುಗುಂಡು, ಚಿನ್ನದ ಗಟ್ಟಿ! ನನ್ನ ಅಜ್ಜ ಆಗ ಹತ್ತಿರದ ಹೋಟೆಲಿನಲ್ಲಿ ಕಪ್ಪು ತೊಳೆಯುವ ಹುಡುಗ. ಉರಿಯುವ ಹತ್ತಿ ಆಕಾಶದಿಂದ ಬೀಳುತ್ತಿತ್ತು ಅಂತ ಹೇಳುತ್ತಿದ್ದರು. ಬೆಂಕಿ ಆರಿಸಲು ಹೋದ ಅಗ್ನಿಶಾಮಕದವರು 66 ಜನ ಸತ್ತರು. ಅವರ ನೆನಪಿಗೇ ಇವತ್ತಿಗೂ ಏಪ್ರಿಲ್ 14 ಅಗ್ನಿಶಾಮಕ ದಿನ. ಯುದ್ಧ ಎಲ್ಲೋ ಯುರೋಪಿನಲ್ಲಿ ಆಯಿತು ಅಂತ ಓದುವುದಕ್ಕೂ ಇಲ್ಲಿ ಬಂದು ನಿಂತು ನೋಡುವುದಕ್ಕೂ ವ್ಯತ್ಯಾಸ ಇದೆ. ಇಳಿಸಂಜೆಗೆ ಬನ್ನಿ, ಚಹಾ ನನ್ನದು.

ಠಾಣೆಯಿಂದ, ಮೂರು ವಾರದ ನಂತರ

ಹೇಗಾಯಿತು ಅಂತ ಕೆಲವರು ಕೇಳಿದಿರಿ. 'ಮಹಾಪಲಾಯನ' ತರಿಸಿದೆ. ಡೊಂಬಿವಲಿ ಅಣ್ಣ ಹೇಳಿದ ಹಾಗೆ ನಾನೇ ಓದಲು ಕೂತು, ಮೂವತ್ತನೇ ಪುಟದ ಹತ್ತಿರ ಮಗುಚಿಟ್ಟು ಕುಕ್ಕರ್ ಇಳಿಸಲು ಎದ್ದೆ. ಬಂದು ನೋಡಿದರೆ ಪುಸ್ತಕ ಬಾಲ್ಕನಿಯಲ್ಲಿತ್ತು, ಇವರೂ ಅಲ್ಲೇ ಇದ್ದರು. ಮರುದಿನ ಮಗನ ಶಾಲೆಯ ಅಟ್ಲಾಸ್ ಇಳಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಕೊಟ್ಟ ಚಹಾ ಕೆನೆಗಟ್ಟಿತ್ತು. ಎಲ್ಲ ದಿನವೂ ಹೀಗಿಲ್ಲ, ಹೋದ ಶುಕ್ರವಾರ ಏಳಕ್ಕೇ ಬಾಗಿಲು ಹಾಕಿಕೊಂಡು ಮಲಗಿಬಿಟ್ಟರು. ಕಥೆ ನಿಜವಲ್ಲವಂತೆ ಅಂತ ಇನ್ನೂ ಹೇಳಿಲ್ಲ. ಟೀಚರ್, ನೀವೇ ಒಂದಿನ ಫೋನಿನಲ್ಲಿ ಹೇಳಿದರೆ ಒಳ್ಳೆಯದು. ನನ್ನ ಜೊತೆ ಮಾತು ಬಿಟ್ಟರೆ ಕಷ್ಟ!

ಗೀತೆಯ ಕವರ್ ಹಾಗೇ ಇದೆ. ಅತ್ತೆಗೆ ಎರಡನೇ ಅಧ್ಯಾಯ ಅಂತ ಹೇಳಿದ್ದೇನೆ. 'ಮಹಾಯುದ್ಧ'ದ ಮೊದಲ ಭಾಗ ಸಿಕ್ಕಿತು. ಎರಡನೆಯದು, ಮೂರನೆಯದು ಯಾರ ಹತ್ತಿರವಾದರೂ ಇದೆಯಾ? ಕೊರಿಯರ್ ದುಡ್ಡು ನಾನು ಕೊಡುತ್ತೇನೆ. ಸ್ವಲ್ಪ ಬೇಗ ಬೇಕಿತ್ತು, ಮೊದಲನೆಯದರಲ್ಲಿ ಇಪ್ಪತ್ತೇ ಪುಟ ಉಳಿದಿವೆ.