ಫಾರ್ಮ್ಯಾಟ್ ಮಾಡಿಸುವ ಮುನ್ನ ನೋಡಬೇಕಾದದ್ದು: ನಿಧಾನವಾದ ಮನೆಯ ಲ್ಯಾಪ್‌ಟಾಪ್ ಬಗ್ಗೆ ಕೇಳಿದ ಮೇಷ್ಟರಿಗೆ ಉತ್ತರ

ಮೇಷ್ಟ್ರೇ, ನಿಮ್ಮ ಪ್ರಶ್ನೆಯನ್ನು ನಾನು ಗ್ರಹಿಸಿರುವುದು ಹೀಗೆ. ನಿಮ್ಮಲ್ಲಿರುವುದು ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪ್; 4 ಜಿಬಿ ರ್‍ಯಾಮ್, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಆನ್ ಮಾಡಿದ ಮೇಲೆ ಬಹಳ ಹೊತ್ತು ಅದು ಕೈಗೆ ಸಿಗುವುದಿಲ್ಲ, ಯಂತ್ರದ ಮೇಲಿನ ಹೊರೆಯನ್ನು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸದಾ ಶೇ. 100 ತೋರಿಸುತ್ತದೆ, ಸಿ ಡ್ರೈವ್ ತುಂಬಿ ಕೆಂಪಾಗಿದೆ, ಪರದೆಯ ಬಲ ಮೂಲೆಯಲ್ಲಿ ವೈರಸ್ ಇದೆಯೆಂದು ಹೆದರಿಸುವ ಸೂಚನೆಗಳು ಏಳುತ್ತಿರುತ್ತವೆ. ಅಂಗಡಿಯವರು ಫಾರ್ಮ್ಯಾಟ್, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು, ಒಂದೇ ದಾರಿ ಎಂದಿದ್ದಾರೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಊರಿನ ಇತಿಹಾಸದ ಬರಹಗಳು ಅದರಲ್ಲೇ ಇರುವುದರಿಂದ ನಿಮಗೆ ಧೈರ್ಯ ಬರುತ್ತಿಲ್ಲ. ನಿಮ್ಮ ಪ್ರಶ್ನೆಗೆ ಈಗಾಗಲೇ ಬೇರೆ ಕೆಲವರು ಬರೆದ ಉತ್ತರಗಳನ್ನೂ ಓದಿದ್ದೇನೆ, ಅವರ ಸಲಹೆಗಳ ಬಗ್ಗೆಯೂ ಮುಂದೆ ಹೇಳುತ್ತೇನೆ.

ಬಂಧುಗಳ ಮನೆಯ, ನಮ್ಮ ಬಡಾವಣೆಯ ಹಿರಿಯರ ಮತ್ತು ಒಂದು ಸಣ್ಣ ಡಿಟಿಪಿ ಕೇಂದ್ರದ ಕಂಪ್ಯೂಟರುಗಳನ್ನು ವರ್ಷಗಳಿಂದ ನೋಡಿಕೊಂಡು ಬಂದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ, ಅವುಗಳ ಕಾರಣಗಳೂ ಬೇರೆ. ಅವುಗಳಲ್ಲಿ ಒಂದು ಡಿಸ್ಕಿನ ಸವೆತವೇ ಆಗಿದ್ದರೆ, ಅದರ ಮೇಲೆ ಹೊಸದಾಗಿ ವಿಂಡೋಸ್ ಹಾಕಿಸುವುದು ಸೋರುವ ಮಾಡಿನ ಕೆಳಗೆ ನೆಲ ಸಾರಿಸಿದಂತೆ. ಒಂದೆರಡು ವಾರ ಚೆನ್ನಾಗಿ ಓಡಿ ಮತ್ತೆ ಅಲ್ಲಿಗೇ ಬರುತ್ತದೆ, ಅಷ್ಟರಲ್ಲಿ ನಿಮ್ಮ ಬರಹಗಳು ಹೋಗಿರುತ್ತವೆ.

ಆದ್ದರಿಂದ ಮೊದಲ ಕೆಲಸ ಕಡತಗಳ ನಕಲು. ಯಾವ ದುರಸ್ತಿಗೂ ಕೈ ಹಾಕುವ ಮುಂಚೆ ಒಂದು ಹೊರಗಿನ ಹಾರ್ಡ್ ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನೇ ನಕಲಿಸಿ ಮುಗಿಯಿತೆಂದುಕೊಳ್ಳುವವರನ್ನು ಬಹಳ ನೋಡಿದ್ದೇನೆ. ಡೆಸ್ಕ್‌ಟಾಪಿನ ಮೇಲೆ ಕಾಣುವ ಕಡತಗಳು ಹಲವು ಸಲ ಮೈಕ್ರೋಸಾಫ್ಟಿನ ಅಂತರಜಾಲ ಸಂಗ್ರಹವಾದ ಒನ್‌ಡ್ರೈವ್‌ನ ಫೋಲ್ಡರಿನೊಳಗೆ ಇರುತ್ತವೆ. ಡೌನ್‌ಲೋಡ್ಸ್‌ನಲ್ಲಿ ಮಕ್ಕಳು ಕಳಿಸಿದ ಫೋಟೋಗಳಿರುತ್ತವೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಬುಕ್‌ಮಾರ್ಕುಗಳೂ ಇರುತ್ತವೆ. ನಕಲಾದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ನಾಲ್ಕಾರು ಕಡತಗಳನ್ನು ನಿಜವಾಗಿ ತೆರೆದು ನೋಡಿ. ತೆರೆದು ನೋಡುವವರೆಗೆ ಅದನ್ನು ನಕಲು ಎಂದು ನಂಬಬಾರದು.

ಇಲ್ಲಿ ನಿಮ್ಮ ನುಡಿ ಕಡತಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆ ಹರಡುವ ಮೊದಲು ನುಡಿಯಲ್ಲಾಗಲಿ ‘ಬರಹ’ ಎಂಬ ತಂತ್ರಾಂಶದಲ್ಲಾಗಲಿ ಟೈಪು ಮಾಡಿದ ಪಠ್ಯವು ಕನ್ನಡ ಅಕ್ಷರಗಳಾಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳಲ್ಲಿ ಕೂತಿರುತ್ತದೆ, ಆ ಸಂಕೇತಗಳನ್ನು ಕನ್ನಡದ ರೂಪದಲ್ಲಿ ತೋರಿಸುವುದು ಆಯಾ ಫಾಂಟು ಮಾತ್ರ. ಫಾರ್ಮ್ಯಾಟ್ ಆದ ಮೇಲೆ ಕಡತ ಸುರಕ್ಷಿತವಾಗಿದ್ದರೂ ಫಾಂಟು ಇಲ್ಲದಿದ್ದರೆ ‘ಕನ್ನಡ’ ಎಂಬ ಪದವಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಪೌಂಡ್ ನಾಣ್ಯದ ಚಿಹ್ನೆಯೂ ಬೆರೆತ ಗೋಜಲು ಕಾಣುತ್ತದೆ. ಅದನ್ನು ನೋಡಿ ಕಡತ ಕೆಟ್ಟಿತೆಂದು ಅಳಿಸಿಬಿಟ್ಟವರೂ ಇದ್ದಾರೆ. ನಮ್ಮ ಡಿಟಿಪಿ ಕೇಂದ್ರದಲ್ಲಿ ಇಂಥ ಒಂದು ಸ್ಮರಣ ಸಂಚಿಕೆಯ ಪಠ್ಯವನ್ನು ಉಳಿಸಿದ್ದು ಹಳೆಯ ಯಂತ್ರದಿಂದ ತೆಗೆದಿಟ್ಟಿದ್ದ ಫಾಂಟುಗಳೇ. ಹಾಗಾಗಿ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ತೆರೆದು ನುಡಿಯ ಹೆಸರಿರುವ ಎಲ್ಲ ಫಾಂಟುಗಳನ್ನೂ ನಕಲಿಸಿಕೊಳ್ಳಿ. ಮುಖ್ಯವಾದ ಬರಹಗಳನ್ನು ಈಗಲೇ, ಫಾಂಟುಗಳು ಸರಿಯಾಗಿ ಕಾಣುತ್ತಿರುವಾಗಲೇ, ಪಿಡಿಎಫ್ ಆಗಿ ಉಳಿಸಿ. ಅದರಲ್ಲಿ ಫಾಂಟು ಒಳಗೇ ಸೇರಿಕೊಳ್ಳುವುದರಿಂದ ಎಲ್ಲಿ ತೆರೆದರೂ ಓದಬಹುದು. ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ತಿದ್ದಿಕೊಂಡರೆ ಮುಂದಿನ ತಲೆಮಾರಿಗೂ ಅದು ಹುಡುಕಿದರೆ ಸಿಗುವ ಪಠ್ಯವಾಗಿ ಉಳಿಯುತ್ತದೆ. ಊರಿನ ಇತಿಹಾಸದಂಥ ಬರಹಕ್ಕೆ ಇಷ್ಟು ಶ್ರಮ ಸಲ್ಲಲೇಬೇಕು ಎಂಬುದು ನನ್ನ ನಂಬಿಕೆ.

ನಕಲು ಮುಗಿದ ಮೇಲೆ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ನೋಡಿ. ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ಅದು ಓದಿ ಹೇಳುತ್ತದೆ: ನೀಲಿ ಬಣ್ಣವಿದ್ದರೆ ಸರಿ, ಹಳದಿಯಿದ್ದರೆ ಎಚ್ಚರಿಕೆ, ಕೆಂಪಿದ್ದರೆ ಕೆಟ್ಟಿದೆ. ಸ್ಥಳಾಂತರಗೊಂಡ ಸೆಕ್ಟರುಗಳು (ಸೆಕ್ಟರು ಎಂದರೆ ಡಿಸ್ಕಿನ ಒಂದು ಸಣ್ಣ ತುಂಡು), ಬಾಕಿ ಉಳಿದ ಸೆಕ್ಟರುಗಳು, ಸರಿಪಡಿಸಲಾಗದ ಸೆಕ್ಟರುಗಳು ಎಂಬ ಮೂರು ಸಾಲುಗಳನ್ನು ವಿಶೇಷವಾಗಿ ಗಮನಿಸಿ. ಅವುಗಳ ಕೊನೆಯ ಅಂಕಣದಲ್ಲಿ ಸೊನ್ನೆ ಇರಬೇಕು. ಹಳದಿ ಅಥವಾ ಕೆಂಪು ಕಂಡರೆ, ಇಲ್ಲವೇ ಲ್ಯಾಪ್‌ಟಾಪಿನೊಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಮುಂದಿನ ಯಾವ ಶುಚಿಗೊಳಿಸುವ ಕೆಲಸವೂ ಬೇಡ, ಡಿಸ್ಕನ್ನೇ ಬದಲಿಸಬೇಕು. ನಿಮಗೆ ಉತ್ತರಿಸಿದ ಒಬ್ಬರು ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಆದೇಶವನ್ನು ಮೊದಲೇ ಓಡಿಸಿ ಎಂದಿದ್ದಾರೆ. ಅದರಲ್ಲಿ ‘ಆರ್’ ಸೇರಿಸಿ ಓಡಿಸಿದಾಗ ಡಿಸ್ಕಿನ ಪ್ರತಿ ಮೂಲೆಯನ್ನೂ ಓದಿಸುವುದರಿಂದ, ಸಾಯುತ್ತಿರುವ ಡಿಸ್ಕು ಆ ಹೊರೆಗೇ ನಿಂತುಹೋಗಬಹುದು. ನಕಲಿಗೆ ಮುಂಚೆ ಅದನ್ನು ಮಾಡಲೇಬಾರದು.

ಡಿಸ್ಕು ಆರೋಗ್ಯವಾಗಿದ್ದೂ ಶೇ. 100 ತೋರಿಸುತ್ತಿದ್ದರೆ ಕಾರಣ ಹೆಚ್ಚಾಗಿ ಸರಳ. 4 ಜಿಬಿ ರ್‍ಯಾಮಿನಲ್ಲಿ ವಿಂಡೋಸ್ 10 ಮತ್ತು ಇಂದಿನ ಬ್ರೌಸರ್ ಎರಡಕ್ಕೂ ಜಾಗ ಸಾಲದೆ, ಹೆಚ್ಚಾದದ್ದನ್ನು ವ್ಯವಸ್ಥೆಯು ಡಿಸ್ಕಿಗೆ ಬರೆದು ಮತ್ತೆ ಓದಿ ತರುತ್ತಿರುತ್ತದೆ. ತಟ್ಟೆಯ ಡಿಸ್ಕು ಸೆಕೆಂಡಿಗೆ ನೂರರ ಆಸುಪಾಸು ಬಿಡಿ ಓದುಗಳನ್ನಷ್ಟೇ ಮಾಡಬಲ್ಲದು, ತಿರುಗುವ ಭಾಗಗಳಿಲ್ಲದ ಸಾಮಾನ್ಯ ಎಸ್‌ಎಸ್‌ಡಿ ಹತ್ತಾರು ಸಾವಿರ ಮಾಡುತ್ತದೆ. ಯಾವ ಶುಚಿತ್ವವೂ ಈ ಅಂತರವನ್ನು ತುಂಬುವುದಿಲ್ಲ. ನಾನು ನೋಡಿಕೊಳ್ಳುವ ಹಳೆಯ ಯಂತ್ರಗಳಲ್ಲಿ ಬಳಸುವವರಿಗೆ ಕೂಡಲೇ ಗೊತ್ತಾಗುವಷ್ಟು ವ್ಯತ್ಯಾಸ ತಂದದ್ದು ಎಸ್‌ಎಸ್‌ಡಿ ಹಾಕಿಸಿ ರ್‍ಯಾಮನ್ನು 8 ಜಿಬಿಗೆ ಏರಿಸಿದ್ದೇ ಹೊರತು ಬೇರಾವುದೂ ಅಲ್ಲ. ಅಂಗಡಿಗೆ ಹಣ ಕೊಡುವುದೇ ಆದರೆ ಈ ಕೆಲಸಕ್ಕೆ ಕೊಡಿ. ಅದಕ್ಕೂ ಮುನ್ನ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಪುಟದಲ್ಲಿ ನಿಮಗೆ ಬೇಡವಾದ ತಂತ್ರಾಂಶಗಳನ್ನು ನಿಷ್ಕ್ರಿಯಗೊಳಿಸಿ. ಜತೆಗೆ ಇನ್ನೊಂದು ಮಾತು: ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ರೀಸ್ಟಾರ್ಟ್ ಮಾಡಿದಾಗ ಮಾತ್ರ ಹೊಸದಾಗಿ ಆರಂಭವಾಗುತ್ತದೆ. ದಿನವೂ ಶಟ್‌ಡೌನ್ ಮಾಡುವವರೂ ಆಗಾಗ ರೀಸ್ಟಾರ್ಟ್ ಮಾಡಬೇಕು.

ಮೂಲೆಯಲ್ಲಿ ಏಳುವ ವೈರಸ್ ಸೂಚನೆಗಳಿಗೆ ಹೆದರಬೇಡಿ. ನಾನು ಕಂಡ ಬಹುಪಾಲು ಮನೆಗಳಲ್ಲಿ ಅವು ಬ್ರೌಸರಿನ ಮೂಲಕ ಬರುವ ಜಾಹೀರಾತುಗಳೇ ಆಗಿದ್ದವು. ಯಾವುದೋ ತಾಣವು ‘ಅನುಮತಿಸಿ’ ಎಂದು ಕೇಳಿದಾಗ ಒತ್ತಿದ ಒಂದು ಒತ್ತು, ಆ ತಾಣಕ್ಕೆ ಸೂಚನೆ ಕಳಿಸುವ ಹಕ್ಕು ಕೊಟ್ಟಿರುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು, ಅಲ್ಲಿರುವ ಅಪರಿಚಿತ ತಾಣಗಳನ್ನೆಲ್ಲ ತೆಗೆದುಹಾಕಿದರೆ ಸಾಕು, ಆ ಕಾಟ ನಿಲ್ಲುತ್ತದೆ. ಎಕ್ಸ್‌ಟೆನ್ಶನ್‌ಗಳ ಪಟ್ಟಿಯನ್ನೂ ನೋಡಿ, ನೀವೇ ಹಾಕಿಕೊಳ್ಳದವನ್ನು ತೆಗೆಯಿರಿ. ಅನಂತರ ನೆಮ್ಮದಿಗಾಗಿ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿಸಿ; ಅದು ವಿಂಡೋಸ್ ಪೂರ್ತಿ ಏಳುವ ಮುನ್ನವೇ ತಪಾಸಣೆ ನಡೆಸುವುದರಿಂದ ಅಡಗಿ ಕೂತ ಕುತಂತ್ರಾಂಶವೂ ಸಿಗುವ ಸಾಧ್ಯತೆ ಹೆಚ್ಚು. ಅವಧಿ ಮುಗಿದ ಪ್ರಾಯೋಗಿಕ ಆಂಟಿವೈರಸ್ ಇದ್ದರೆ ತೆಗೆದುಬಿಡಿ. ಪರದೆಯ ಮೇಲೆ ಫೋನ್ ಸಂಖ್ಯೆ ತೋರಿಸಿ ಕರೆ ಮಾಡಿ ಎನ್ನುವ ಯಾವ ಎಚ್ಚರಿಕೆಗೂ ಕರೆ ಮಾಡಬೇಡಿ, ದೂರದಿಂದ ಪರದೆ ನೋಡುವ ತಂತ್ರಾಂಶವನ್ನು ಅವರ ಮಾತು ಕೇಳಿ ಹಾಕಿಕೊಳ್ಳಬೇಡಿ. ಯಾರಾದರೂ ಹಾಗೆ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು; ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಸಿ ಡ್ರೈವಿನ ಜಾಗದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಕ್ಲೀನಪ್ ತೆರೆದು, ವ್ಯವಸ್ಥೆಯ ಕಡತಗಳನ್ನೂ ಸೇರಿಸಿಕೊಳ್ಳುವ ಗುಂಡಿ ಒತ್ತಿದರೆ ಹಳೆಯ ಅಪ್‌ಡೇಟ್‌ಗಳ ಉಳಿಕೆ ಹೋಗುತ್ತದೆ. ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬುದು ಕಂಡರೆ ಅದರ ಗುರುತನ್ನು ತೆಗೆದು ಮುಂದುವರಿಯಿರಿ. ಉಳಿದಂತೆ ಜಾಗ ತಿಂದಿರುವುದು ಏನೆಂದು ತಿಳಿಯಲು ವಿನ್‌ಡಿರ್‌ಸ್ಟ್ಯಾಟ್ ಎಂಬ ಉಚಿತ ತಂತ್ರಾಂಶ ಒಳ್ಳೆಯದು. ಅದರಲ್ಲಿ ವಿಂಡೋಸ್ ಫೋಲ್ಡರಿನ ಒಳಗಿನದು ಎಷ್ಟೇ ದೊಡ್ಡದಾಗಿ ಕಂಡರೂ ಕೈಯಿಂದ ಅಳಿಸಬೇಡಿ.

ನಿಮಗೆ ಉತ್ತರಿಸಿದ ಇನ್ನೊಬ್ಬರು ರಿಜಿಸ್ಟ್ರಿಯನ್ನು, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ದಾಖಲೆಯನ್ನು, ಶುಚಿ ಮಾಡುವ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಹೇಳಿದ್ದಾರೆ. ಅವರ ಕಾಳಜಿ ಸಾಚಾ, ಆದರೆ ಆ ಸಲಹೆಯನ್ನು ನಾನು ಒಪ್ಪಲಾರೆ. ರಿಜಿಸ್ಟ್ರಿಯಲ್ಲಿ ಉಳಿದ ಸಾವಿರಾರು ಹಳೆಯ ನಮೂದುಗಳಿಂದ ಯಂತ್ರ ನಿಧಾನವಾಗುವುದಿಲ್ಲ. ಬೇಕಾದದ್ದೊಂದು ಅಳಿಸಿಹೋದರೆ ಮಾತ್ರ ಯಂತ್ರವೇ ಏಳದಿರಬಹುದು. ಇಂಥ ಸಾಧನಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಬಹು ಜನಪ್ರಿಯವಾದ ಸಿಸಿಕ್ಲೀನರ್‌ನ ಒಂದು ಆವೃತ್ತಿಯೊಳಗೆ 2017ರಲ್ಲಿ ದಾಳಿಕೋರರು ಕುತಂತ್ರಾಂಶವನ್ನು ಸೇರಿಸಿದ್ದರು, ಅದು ಅಧಿಕೃತ ತಾಣದಿಂದಲೇ ಬಳಕೆದಾರರನ್ನು ತಲುಪಿತ್ತು ಎಂಬುದನ್ನೂ ನೆನಪಿಡಬೇಕು.

ವಿದ್ಯುತ್ ಹೋಗಿ ಬರುವುದರಿಂದ ತಮ್ಮ ಡೆಸ್ಕ್‌ಟಾಪ್ ಕೆಟ್ಟಿತೆಂದು ಬರೆದವರ ಅನುಭವ ನಮ್ಮ ಕಡೆಯ ಮನೆಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ವ್ಯವಸ್ಥೆಯ ಕಡತಗಳು ಅರ್ಧಕ್ಕೇ ನಿಲ್ಲುತ್ತವೆ. ಲ್ಯಾಪ್‌ಟಾಪಿಗೆ ಬ್ಯಾಟರಿಯಿರುವುದರಿಂದ ಈ ಭಯ ಕಡಿಮೆ, ಆದರೆ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದು ನೇರ ವಿದ್ಯುತ್ತಿನಲ್ಲೇ ನಡೆಯುತ್ತಿದ್ದರೆ ಅದೂ ಡೆಸ್ಕ್‌ಟಾಪಿನಷ್ಟೇ ಅಸಹಾಯಕ. ನಿಮ್ಮದು ಹಾಗಿದೆಯೇ ನೋಡಿ. ಹೀಗೆ ಕೆಟ್ಟ ಕಡತಗಳಿಗೆ ವಿಂಡೋಸ್‌ನಲ್ಲೇ ಮದ್ದಿದೆ. ಆದೇಶಗಳನ್ನು ಟೈಪು ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು ಡಿಸ್ಮ್ ಸಾಧನದ ರೀಸ್ಟೋರ್‌ಹೆಲ್ತ್ ಆದೇಶವನ್ನೂ ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಆದೇಶವನ್ನೂ ಓಡಿಸಬೇಕು. ಮೊದಲನೆಯದು ದುರಸ್ತಿಗೆ ಬೇಕಾದ ಮೂಲ ಪ್ರತಿಗಳನ್ನು ಸರಿಪಡಿಸುತ್ತದೆ, ಎರಡನೆಯದು ಆ ಪ್ರತಿಗಳಿಂದ ಕೆಟ್ಟ ಕಡತಗಳನ್ನು ಬದಲಿಸುತ್ತದೆ. ಕ್ರಮ ಹಿಂದುಮುಂದಾದರೆ ಎರಡನೆಯದು ಕೆಲವೊಮ್ಮೆ ಸೋಲುತ್ತದೆ. ಶೇಕಡಾವಾರು ಸಂಖ್ಯೆ ಬಹಳ ಹೊತ್ತು ಒಂದೇ ಕಡೆ ನಿಂತರೂ ಕಿಟಕಿ ಮುಚ್ಚದೆ ಕಾಯಿರಿ.

ಇಷ್ಟಾದರೂ ಸರಿಹೋಗದಿದ್ದರೆ, ಅಥವಾ ಹೊಸ ಎಸ್‌ಎಸ್‌ಡಿ ಹಾಕಿಸಿದರೆ, ಆಗ ಹೊಸದಾಗಿ ವಿಂಡೋಸ್ ಹಾಕುವುದು ಸರಿಯಾದ ಕೆಲಸ. ಅಂಗಡಿಗೆ ಕೊಟ್ಟಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳಿ: ನಕಲಿ ವಿಂಡೋಸ್ ಬೇಡ, ಅದನ್ನು ಸಕ್ರಿಯಗೊಳಿಸುವ ಕಳ್ಳ ಸಾಧನವೂ ಬೇಡ. ಅಂಥ ಸಾಧನಗಳ ಜತೆಯಲ್ಲೇ ಕುತಂತ್ರಾಂಶ ಬರುವುದುಂಟು. ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ ಸಮೇತ ಮಾರಾಟವಾದದ್ದಾದರೆ ಅದರ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕು ಬದಲಿಸಿದರೂ ಅದೇ ಬಗೆಯ ವಿಂಡೋಸ್ ಹಾಕಿ ಅಂತರಜಾಲಕ್ಕೆ ಸೇರಿಸಿದ ಕೂಡಲೇ ತಾನೇ ಸಕ್ರಿಯವಾಗುತ್ತದೆ. ಮೈಕ್ರೋಸಾಫ್ಟಿನ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವಿನಲ್ಲಿ ಇದನ್ನು ಮನೆಯಲ್ಲೇ ಮಾಡಬಹುದು. ಡಿಸ್ಕಿಗೆ ಬಿಟ್‌ಲಾಕರ್ ಗೂಢಲಿಪೀಕರಣ ಇದ್ದರೆ, 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತೃತ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ಯೋಜನೆಯನ್ನು ಅದು ಪ್ರಕಟಿಸಿತು. ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಆಯ್ಕೆ ಕಾಣುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ಹಳೆಯ ಯಂತ್ರಗಳು ಇಲ್ಲಿ ನಿಲ್ಲುತ್ತವೆ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಿ ಎಂದವರ ಮಾತನ್ನು ನಾನೂ ಅನುಮೋದಿಸುತ್ತೇನೆ. ಅದರಲ್ಲಿ ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ, ನುಡಿಯಲ್ಲೂ ಇರುವ) ಕೀಲಿಮಣೆ ವಿನ್ಯಾಸ ಸಿಗುವುದರಿಂದ ನಿಮ್ಮ ಬೆರಳಿಗೆ ರೂಢಿಯಾದ ರೀತಿಯಲ್ಲೇ ಯೂನಿಕೋಡ್ ಕನ್ನಡವನ್ನು ಟೈಪು ಮಾಡಬಹುದು. ಆದರೆ ಹಳೆಯ ನುಡಿ ಬರಹಗಳನ್ನು ಪರಿವರ್ತಿಸಿ ಮುಗಿಸಿದ ಮೇಲೆಯೇ ಆ ಕಡೆ ಹೋಗುವುದು ಒಳ್ಳೆಯದು.

ಸದ್ಯಕ್ಕೆ ನಕಲು ಮುಗಿಸಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸಿದ ಬಣ್ಣ, ಲ್ಯಾಪ್‌ಟಾಪಿನ ಮಾದರಿ, ಪ್ರೊಸೆಸರಿನ ಹೆಸರು ಈ ಮೂರನ್ನೂ ಬರೆಯಿರಿ. ಅದಕ್ಕೆ ಹೊಂದುವ ಎಸ್‌ಎಸ್‌ಡಿ ಮತ್ತು ರ್‍ಯಾಮ್ ಯಾವುದೆಂದು, ಇನ್ನೊಂದು ರ್‍ಯಾಮ್ ಸಿಕ್ಕಿಸಲು ಒಳಗೆ ಜಾಗವಿದೆಯೇ ಎಂದು ನೋಡಿ ತಿಳಿಸುತ್ತೇನೆ.