ಅಪ್‌ಡೇಟ್: ಹಾಟ್ ಟಬ್‌ಗೆ ಗೀಸರ್ ಲೈನ್ ಸಾಲದು

ಮೈಸೂರಿನ ಕುವೆಂಪುನಗರದ ಮನೆ ಹಿತ್ತಲಲ್ಲಿ ಇಡುವ ಹಾಟ್ ಟಬ್‌ಗೆ ಗೀಸರಿನ 16 ಆಂಪ್ ಲೈನನ್ನೇ ಎಳೆಯಬಹುದಾ ಎಂದು ಕೇಳಿದ್ದೆ. ಬೇಡ ಎಂದವರ ಮಾತೇ ಸರಿ. ಹೀಟರ್ 3 ಕಿಲೋವ್ಯಾಟ್, ಪಂಪು, ಬ್ಲೋವರ್ ಸೇರಿ ಇನ್ನೊಂದು 2. 230 ವೋಲ್ಟಿನಲ್ಲಿ 22 ಆಂಪ್ ಆಸುಪಾಸು, ಅದೂ ಗಂಟೆಗಟ್ಟಲೆ.

ಈಗ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್: 32 ಆಂಪ್ ಡಬಲ್ ಪೋಲ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ಚು), ಇದಕ್ಕೇ ಮೀಸಲಾದ 40 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು), 25 ಎಂಎಂ ಪೈಪಿನಲ್ಲಿ 6 ಸ್ಕ್ವೇರ್ ಎಂಎಂ ತಾಮ್ರದ ಫೇಸ್, ನ್ಯೂಟ್ರಲ್, ಅರ್ಥ್. 20 ಮೀಟರ್ ದೂರಕ್ಕೆ ವೋಲ್ಟೇಜ್ ಇಳಿಯುವುದು ಸುಮಾರು 3 ವೋಲ್ಟ್ ಅಷ್ಟೇ. ಐಸೊಲೇಟರ್ (ಟಬ್ಬಿನ ಲೈನನ್ನು ಪೂರ್ತಿ ಕಡಿಯುವ ಸ್ವಿಚ್ಚು) ಟಬ್ಬಿನ ಅಂಚಿನಿಂದ 2 ಮೀಟರಿಗೂ ಆಚೆ, ಆದರೆ ಕಣ್ಣಿಗೆ ಕಾಣುವ ಗೋಡೆ ಮೇಲೆ, ಧೂಳು, ನೀರಿನ ಎರಚಲು ಒಳಹೋಗದ ಐಪಿ65 ಡಬ್ಬಿಯಲ್ಲಿ. ನೀರಲ್ಲಿ ಕೂತವರ ಕೈಗೆ ಸ್ವಿಚ್ಚು ಎಟುಕಲೇಬಾರದು.

ಸಂಜೆ ಹಿತ್ತಲ ದೀಪ ಹಾಕಿದೊಡನೆ ಆರ್‌ಸಿಸಿಬಿ ಟ್ರಿಪ್ ಆಗಿ ಬೀಳುತ್ತಿತ್ತು. ಹೀಟರ್ ಕಳಚಿಟ್ಟರೂ ಅಷ್ಟೇ. ಬೋರ್ಡ್ ಬಿಚ್ಚಿದರೆ, ದೀಪದ ನೀಲಿ ನ್ಯೂಟ್ರಲ್ ವೈರು ಈ ಆರ್‌ಸಿಸಿಬಿಯ ಔಟ್‌ಪುಟ್ ಸ್ಕ್ರೂವಿನಡಿ ಕೂತಿತ್ತು. ಫೇಸ್ ಮಾತ್ರ ಬೇರೆ ಎಂಸಿಬಿಯಿಂದ. ಹೋಗುವ ಕರೆಂಟು, ವಾಪಸ್ ಬರುವ ಕರೆಂಟು ಸಮವಾಗದಿದ್ದರೆ ಅದು ಬೀಳಲೇಬೇಕು. ನ್ಯೂಟ್ರಲ್ ಬೇರ್ಪಡಿಸಿದ ಮೇಲೆ ಸರಿಹೋಯಿತು. ಹೀಗೆ ಬಿದ್ದಾಗ ಆರ್‌ಸಿಸಿಬಿ ತೆಗೆದು ನೇರ ಕೊಡಿ ಎಂದರೆ ದಯವಿಟ್ಟು ಒಪ್ಪಬೇಡಿ. ಮೈಮೇಲೆ ಹರಿಯುವ ಅಷ್ಟು ಸಣ್ಣ ಕರೆಂಟಿಗೆ ಎಂಸಿಬಿ ಅಲುಗುವುದೂ ಇಲ್ಲ.

ಮಂಜೂರಾದ ಲೋಡ್ 3 ಕಿಲೋವ್ಯಾಟ್ ಮಾತ್ರ ಇದ್ದುದರಿಂದ ಹೆಚ್ಚಿಸಲು ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಟ್ಟಾಗಿದೆ.